ಬೆಳ್ಳಿ ಬಟ್ಟೆ ಹೊದ್ದ ಕಾರು

ನನ್ನ ತಂಗಿಯ ಗಂಡ ಬಾಡಿಗೆ ಕಾರು ಓಡಿಸುತ್ತಾನೆ. ಎಂಥ ಸಂದಿಯಲ್ಲೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಾಡಿ ತೂರಿಸುವ ಮನುಷ್ಯ. ದಾರಿಯ ವಿಷಯಕ್ಕೆ ಬಂದರೆ ಮಾತ್ರ ತಲೆ ಖಾಲಿ ಡಬ್ಬ. ಎಡಕ್ಕೆ ತಿರುಗಬೇಕಾದಲ್ಲಿ ಊರನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತಾನೆ. ಟ್ಯಾಕ್ಸಿ ಸ್ಟ್ಯಾಂಡಿನವರು ಸುತ್ತಣ್ಣ ಎಂದು ಕರೆದರೆ ಸಿಟ್ಟೂ ಇಲ್ಲ. “ಅದೇ ಬಾಡಿಗೆಗೆ ಊರೂ ತೋರಿಸ್ತೀನಲ್ಲಪ್ಪ” ಎನ್ನುತ್ತಾನೆ.

ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆತರಲು ಆಸ್ಪತ್ರೆಗೆ ಒಬ್ಬ ಡ್ರೈವರ್ ಬೇಕಾಗಿತ್ತು. ಖಾಯಂ ಕೆಲಸ, ಮಧ್ಯಾಹ್ನದ ಊಟ ಮನೆಯಲ್ಲೇ. ಸುತ್ತಣ್ಣನಿಗೆ ಅದರ ಮೇಲೆ ಜೀವ. ಆದರೆ ಕಾರಿನಲ್ಲಿ ದಾರಿ ತೋರಿಸುವ ಯಂತ್ರ ಸರಿಯಿರಬೇಕು, ನರ್ಸ್ ಜೊತೆಗೆ ಕೂತು ಪರೀಕ್ಷೆ ಮಾಡುತ್ತಾರೆ ಎಂದರು ಆಸ್ಪತ್ರೆಯವರು. ಅವನ ಹಳೇ ಕಾರಿನ ಯಂತ್ರಕ್ಕೆ ಹೊಸ ಸೇತುವೆಯೇ ಗೊತ್ತಿಲ್ಲ. ಸೇತುವೆ ದಾಟುವಾಗಲೆಲ್ಲ ಪರದೆಯ ಮೇಲೆ ಕಾರು ಹೊಳೆಯಲ್ಲಿ ಈಜುತ್ತಿತ್ತು. ಅಂಗಡಿಗೆ ಹೋಗಿ ಅದೇ ಜಾಗಕ್ಕೆ ಹೊಸ ಪರದೆ, ಹೊಸ ನಕ್ಷೆ ಹಾಕಿಸಿಕೊಂಡು ಬಂದ.

ಮಾರನೆಯ ದಿನ ಪರದೆಯಲ್ಲಿ ಕಾರಿನ ಜಾಗ ತೋರಿಸುವ ಬಾಣದ ಗುರುತು ಕದಲಲಿಲ್ಲ. ಕಾರು ಎಲ್ಲಿಗೇ ಹೋಗಲಿ, ಬಾಣ ತನ್ನ ಪಾಡಿಗೆ ಮನೆಯ ಮುಂದೆಯೇ ನಿಂತಿತ್ತು. ನಕ್ಷೆಯನ್ನು ಮತ್ತೆ ತುಂಬಿಸಿದ, ಫ್ಯೂಸ್ ಬದಲಿಸಿದ, ಬ್ಯಾಟರಿ ವೈರು ಬಿಚ್ಚಿ ಹಾಕಿದ. ಊಹೂಂ. ಪರೀಕ್ಷೆಯ ದಿನ ಬೆಳಿಗ್ಗೆ ನನಗೆ ಫೋನ್ ಬಂತು. ಶಾಲೆ ಬಿಟ್ಟು ರೇಡಿಯೊ ಬಿಚ್ಚಿ ಬಿಚ್ಚಿಯೇ ವಿದ್ಯೆ ಕಲಿತವನು ನಾನು. ಟೆಸ್ಟರ್ ಹಿಡಿದು ಹೋದೆ.

ವೈರುಗಳೆಲ್ಲ ಸರಿಯಾಗಿದ್ದವು.

“ಅಂಗಡಿಯಿಂದ ಬರೋವಾಗ ನಡೀತಿತ್ತಾ?” ಎಂದೆ.

“ಮನೆ ಬಾಗಿಲ ತನಕ ಚಿನ್ನದ ಹಾಗೆ ನಡೀತು ಭಾವ.”

“ಆಮೇಲೆ ಏನು ಮಾಡ್ದೆ?”

“ಏನೂ ಇಲ್ಲ.”

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಂಗಿ ಮನೆಯ ಕಿಟಕಿಯಿಂದಲೇ ನಮ್ಮತ್ತ ತಿರುಗಿದಳು. “ಏನೂ ಇಲ್ವಾ? ಅವತ್ತು ರಾತ್ರಿ ಕಣ್ಣು ನೋಯಿಸಿಕೊಂಡು ಹೊದಿಕೆ ಹೊಲಿದು ಹಾಕಿದ್ದೀನಿ, ಅದು ಏನೂ ಅಲ್ವಾ ನಿಮಗೆ?”

ಆಗ ನೋಡಿದೆ. ಹೊಸ ಯಂತ್ರಕ್ಕೆ ಬಿಸಿಲು ತಾಗಬಾರದೆಂದು, ಗಾಜಿನ ಕೆಳಗಿನ ಡ್ಯಾಶ್‌ಬೋರ್ಡಿಗೆ ಅವಳು ಬೆಳ್ಳಿಯಂತೆ ಹೊಳೆಯುವ ಬಟ್ಟೆ ಹೊಲಿದು ಹೊದಿಸಿದ್ದಳು. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಬಟ್ಟೆ; ಅದು ಸಂಕೇತವನ್ನೂ ತಡೆಯುತ್ತದೆ. ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾ ಅದರಡಿ ಮುಸುಕು ಹಾಕಿಕೊಂಡು ಮಲಗಿತ್ತು. ಬಟ್ಟೆಯ ಅಂಚು ಎತ್ತಿದೆ. ಒಂದೆರಡು ನಿಮಿಷ ಕಾದು, ಕಾರನ್ನು ಬೀದಿ ತುದಿಯವರೆಗೆ ಓಡಿಸಿದೆವು. ಬಾಣವೂ ಜೊತೆಗೆ ಬಂತು.

ಸುತ್ತಣ್ಣ ಹೆಂಡತಿಯ ಮುಖ ನೋಡಿದ. “ಮೋಡ ಇತ್ತು ಅನ್ಸುತ್ತೆ, ಈಗ ಸರೀತು” ಎಂದ.

“ಮೋಡ ಗೀಡ ಬಿಡಿ, ಪಕ್ಕಕ್ಕೆ ಸರೀರಿ” ಎಂದು ಅವಳೇ ಕತ್ತರಿ ತಂದಳು. ಆಂಟೆನಾ ಇದ್ದ ಕಡೆ ಅಂಗೈಯಗಲ ಕತ್ತರಿಸಿದಳು. ಹಾಗೇ ಬಿಡುತ್ತಾಳೆಯೇ? ನೂಲು ಎದ್ದು ನರ್ಸಿನ ಕಣ್ಣಿಗೆ ಬೀಳಬಾರದೆಂದು ಅಂಚು ಮಡಿಸಿ ಹೊಲಿದೇ ಕಳಿಸಿದಳು. ಅವನು ಹೊತ್ತಾಯ್ತೆಂದು ಹಾರನ್ ಒತ್ತುತ್ತಲೇ ಇದ್ದ.

ಪರೀಕ್ಷೆಗೆಂದು ಕರೆತರಬೇಕಿದ್ದ ರೋಗಿ ರಿಟೈರಾದ ಮೇಷ್ಟ್ರು. ಬಾಗಿಲಿಗೆ ಬನಿಯನ್ನಿನಲ್ಲೇ ಬಂದರಂತೆ. “ಇಷ್ಟು ಬೇಗ ಬಂದರೆ ಹೇಗಯ್ಯ? ನಾನಿನ್ನೂ ಅಂಗಿ ಹಾಕ್ಬೇಕು.”

ಜನ್ಮದಲ್ಲಿ ಮೊದಲ ಸಲ ಬೇಗ ಬಂದದ್ದಕ್ಕೆ ಬೈಸಿಕೊಂಡ ಸುತ್ತಣ್ಣ ಹಲ್ಲು ಬಿಟ್ಟುಕೊಂಡು ನಿಂತಿದ್ದನಂತೆ. “ಇನ್ಮೇಲೆ ಇವರೇ ಬರೋದು ಮೇಷ್ಟ್ರೇ,” ಎಂದರಂತೆ ನರ್ಸು, “ನೀವೇ ಸ್ವಲ್ಪ ಬೇಗ ರೆಡಿಯಾಗಿ.”