ಜನಗಣತಿಯ ಹಾಳೆಯಲ್ಲಿ ನಮ್ಮವ್ವ

ಗೋವೆಯಲ್ಲಿ, ಅದರಲ್ಲೂ ನಮ್ಮ ಝುವಾರಿನಗರದಲ್ಲಿ, ನಾವು ಕನ್ನಡದವರು ಎಷ್ಟು ಜನ ಇದ್ದೇವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೆ ಎಲ್ಲರ ಬಳಿಯೂ ಒಂದೊಂದು ಅಂಕಿ ಇತ್ತು. ಹೊರಗಿನವರು ಹೆಚ್ಚಾಗಿ ಗೋವೆಯವರೇ ಗೋವೆಯಲ್ಲಿ ಕಡಿಮೆಯಾದರು ಎಂದು ಪಣಜಿಯಲ್ಲಿ ಭಾಷಣಗಳಾಗುತ್ತಿದ್ದವು. ನಮ್ಮ ಕನ್ನಡ ಸಂಘದವರು ಲಕ್ಷಕ್ಕಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ವೋಟಿನ ಹೊತ್ತಿಗೆ ನಾವು ಬಹಳ ಜನ, ನಳ ಹಾಕಿಸಿ ಎಂದು ಅರ್ಜಿ ಕೊಟ್ಟರೆ ನಾಲ್ಕೇ ಮನೆಯವರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಮಾತ್ರ, "ಎಣಿಸಿದವ್ರು ಯಾರ? ನಮ್ಮ ಓಣಿಗಿ ಯಾರೂ ಬಂದಿಲ್ಲಲ್ಲ" ಎಂದು ಕೇಳುತ್ತಿದ್ದಳು.

2011ರಲ್ಲಿ ಎಣಿಸಲು ಹೋದವಳು ನಾನೇ. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವಳಿಗೆ ಸರಕಾರ ಒಂದು ಚೀಲ, ಒಂದು ಕಟ್ಟು ಹಾಳೆ, ಕೊರಳಿಗೊಂದು ಗುರುತಿನ ಚೀಟಿ ಕೊಟ್ಟು ತವರಿನ ಓಣಿಗೇ ಕಳಿಸಿತು. ಗುರುತಿನ ಚೀಟಿ ಕಂಡವರೇ, ನಾನು ಗುಡಿಸಲು ಕೆಡವಲು ಬಂದವಳೇನೋ ಎಂಬಂತೆ ಅರ್ಧ ಮನೆಯವರನ್ನು ಬಚ್ಚಿಟ್ಟರು. ಬಾಗಿಲಲ್ಲಿ ಹತ್ತು ಜೊತೆ ಚಪ್ಪಲಿ, ಒಳಗಿಂದ "ಮೂರ ಮಂದಿ ನೋಡ್ರಿ ಅಕ್ಕಾರ" ಎಂಬ ಉತ್ತರ. ಶಾಲೆಯಲ್ಲಿ ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕಾರ ಎನ್ನುತ್ತಾರೆ. "ನಿಮ್ಮನಿ ಮಕ್ಕಳೇ ನಾಕು ನನ್ನ ವರ್ಗದಾಗ ಅದಾವ, ಹೊರಗ ಬರ್ರಿ ಎಲ್ಲಾರೂ!" ಎಂದು ಕೂಗಿದರೆ ಹಿಂದಿನ ಬಾಗಿಲಿಂದ ಒಬ್ಬೊಬ್ಬರೇ ನಗುತ್ತ ಬರುತ್ತಿದ್ದರು. ಬೈಯುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಸಂಘದ ಕಾಕಾ ಮೊದಲೇ ಓಣಿಯೆಲ್ಲ ತಿರುಗಿ ಹೇಳಿ ಹೋಗಿದ್ದರು. "ಮಾತೃಭಾಷಾ ಕನ್ನಡ ಅಂತ ಬರಸ್ರಿ. ಒಂದ ತಲಿನೂ ತಪ್ಪಬಾರ್ದು. ಮಂದಿ ಕಡಿಮಿ ಅಂತ ಆದ್ರ ನಮ್ಮನ್ನ ಯಾರ ಕೇಳ್ತಾರ?" ಈ ಮಾತು ಬೇರೆಯವರಿಗೆ ಎಷ್ಟು ತಾಗಿತೋ ಗೊತ್ತಿಲ್ಲ, ನಮ್ಮವ್ವನಿಗೆ ನಾಟಿತು. ಏಕೆಂದರೆ ಅವಳ ಮನೆಯಲ್ಲೇ ತಪ್ಪಬಹುದಾದ ಒಂದು ತಲೆ ಇತ್ತು.

ಅದು ನನ್ನ ತಮ್ಮನ ಮಗಳು, ನಾಲ್ಕು ವರ್ಷದವಳು. ತಮ್ಮ ಕುಂಕಳ್ಳಿಯ ಕಾರ್ಖಾನೆಯಲ್ಲಿದ್ದಾಗ ಅಲ್ಲಿನ ಕೊಂಕಣಿ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಅವ್ವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಸೊಸೆ ಮಾಡಿದ ಮೀನಿನ ಸಾರಿಗೆ ಮೂಗು ಮುರಿಯುತ್ತಲೇ ಎರಡು ಸಲ ಅನ್ನ ಹಾಕಿಸಿಕೊಂಡಳು. ಆಮೇಲೆ ನಾನು ಆ ಹುಡುಗಿಗೆ ಒಂದು ಮಾತು ಅಂದರೆ ಅವ್ವ ನನಗೆ ಹತ್ತು ಅನ್ನುತ್ತಿದ್ದಳು. ಮಗುವಿನ ಮಾತಿನ ವಿಷಯದಲ್ಲಿ ಮಾತ್ರ ಅತ್ತೆ ಸೊಸೆ ಇಬ್ಬರಿಗೂ ಸರಿಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವನ ಮನೆಗೆ ಹೋದೆ. ಅವ್ವ ತಲೆಯ ಮೇಲೆ ಸೆರಗು ಹೊದ್ದು, ಚಾಪೆ ಹಾಸಿ, "ಬರ್ರಿ ಅಕ್ಕಾರ, ಕೂಡ್ರಿ" ಎಂದಳು. ಹೆತ್ತ ಮಗಳಿಗೆ ಬಹುವಚನ! ತಮ್ಮ ಬಾಯಿ ಮುಚ್ಚಿಕೊಂಡು ನಕ್ಕ. ಮೊದಲು ಅವನ ಸಾಲು ತುಂಬಿದೆ. ಅವನ ಹೆಂಡತಿಯ ಸಾಲಿಗೆ ಬಂದಾಗ ಅವ್ವನೇ, "ಆಕಿದು ಕೊಂಕಣಿ. ಹಡದವ್ವನ ಮಾತು ಸುಳ್ಳ ಬರಿಸಬಾರ್ದು" ಎಂದಳು. ಮಗುವಿನ ಹೆಸರು ಬರೆದು ತಲೆ ಎತ್ತುವಷ್ಟರಲ್ಲಿ, "ಕನ್ನಡ" ಎಂದಳು.

ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. "ಅಕ್ಕಾ, ನಾ ಅದರ ಸಂಗಡ ಕೊಂಕಣಿನೇ ಮಾತಾಡತೇನಿ" ಎಂದು ಮೆಲ್ಲಗೆ ಹೇಳಿದಳು. ತಾಯಿ ಮಗುವಿನ ಜೊತೆ ಆಡುವ ಮಾತೇ ಮಾತೃಭಾಷೆ, ತರಬೇತಿಯಲ್ಲಿ ಹಾಗೆಯೇ ಹೇಳಿದ್ದಾರೆ ಎಂದೆ.

"ಹಗಲೆಲ್ಲ ಎತ್ತಿ ಆಡಸಾಕಿ ನಾನು," ಎಂದಳು ಅವ್ವ. "ಸರಕಾರಕ್ಕೇನ ಗೊತ್ತೈತಿ? ಇದೂ ಕೊಂಕಣಿ ಆದ್ರ ನಂದೇನ ಉಳಿತು ಈ ಮನ್ಯಾಗ?"

ಅಷ್ಟರಲ್ಲಿ ಮಗು ಆಟದಿಂದ ಬೆವರಿಕೊಂಡು ಓಡಿ ಬಂತು. "ಮ್ಹಾಕಾ ಉದಾಕ್ ಜಾಯ್" ಎಂದು ನೀರು ಕೇಳಿತು. ಅವ್ವ ಲೋಟ ತುಂಬಿ ಎತ್ತಿ ಹಿಡಿದು, "ನೀರು ಅನ್ನು, ಕೊಡತೇನಿ" ಎಂದಳು. ಮಗು ತುಟಿ ಬಿಗಿಹಿಡಿಯಿತು. ಹಟದಲ್ಲಿ ಥೇಟು ಅಜ್ಜಿಯೇ. "ಅನ್ನು." ಅದರ ಕಣ್ಣು ತುಂಬಿತು, ತುಟಿ ಮಾತ್ರ ತೆರೆಯಲಿಲ್ಲ. ತಮ್ಮನ ಹೆಂಡತಿ ಅರ್ಧ ಎದ್ದು ಮತ್ತೆ ಕುಳಿತಳು. ನನಗೆ ಸಿಟ್ಟು ನೆತ್ತಿಗೇರಿತು. "ಅವ್ವಾ, ಮೊದಲ ನೀರ ಕೊಡು!" ಎಂದು ಕಿರುಚಿದೆ.

ಅವ್ವ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಲೋಟವನ್ನೇ ನೋಡುತ್ತಿದ್ದಳು. ಆಮೇಲೆ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ತಾನೇ ಕುಡಿಸಿದಳು. "ಕೊಂಕಣಿ ಅಂತ ಬರಿ," ಎಂದಳು. ಬಹುವಚನ ಹೋಗಿತ್ತು.

"ಏನಾತವಾ?"

"ನಾ ಲಗ್ನ ಆಗಿ ಬಂದಾಗ ಪಾಣಿ ಅಂದಿದ್ದೆ. ನೀರು ಅನ್ನೂತನಕ ನಮ್ಮತ್ತಿ ಕೊಡ್ಲಿಲ್ಲ. ಹದಿಮೂರ ವರ್ಷದಾಕಿ ಇದ್ದೆ, ಎರಡ ದಿನಾ ಬಾವಿ ಕಡೆ ಹೋಗಿ ಕುಡಿದೆ."

"ಪಾಣಿ ಯಾಕ ಅಂದಿ?"

"ನಮ್ಮವ್ವ ಹಂಗ ಅಂತಿದ್ಲು. ನಮ್ಮನ್ಯಾಗ ಮರಾಠಿ."

ಅವ್ವ ಸೊಲ್ಲಾಪುರದ ಕಡೆಯವಳೆಂದು ಗೊತ್ತಿತ್ತು. ಅವಳ ತಾಯಿ ಬೇಗ ತೀರಿಕೊಂಡಿದ್ದರಿಂದ ನಮಗೆ ಹೋಗಿ ಬರಲು ಅಜ್ಜಿಯ ಮನೆ ಎಂಬುದೇ ಇರಲಿಲ್ಲ. ಸಂತೆಯಲ್ಲಿ ಅವ್ವ ಮರಾಠಿಯಲ್ಲಿ ಚೌಕಾಶಿ ಮಾಡುವಾಗ, ಗೋವೆಗೆ ಬಂದು ಕಲಿತಿದ್ದಾಳೆ ಎಂದುಕೊಂಡಿದ್ದೆ. ಊರ ಮಕ್ಕಳಿಗೆಲ್ಲ ಮಾತೃಭಾಷೆ ಕಲಿಸುವ ನಾನು ಹೆತ್ತವಳ ಮಾತು ಯಾವುದೆಂದು ಒಂದು ದಿನ ಕೇಳಿರಲಿಲ್ಲ. ನಾಚಿಕೆಯಾಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಅವಳ ಮೇಲೆಯೇ ರೇಗಿದೆ. "ಕೇಳಿದವ್ರು ಯಾರ?" ಎಂದಳು.

ಉಳಿದದ್ದು ಅವಳದೇ ಸಾಲು. ವಯಸ್ಸು ಅಂದಾಜಿನಲ್ಲಿ ಬರೆದೆ. ಮಾತೃಭಾಷೆಯ ಮನೆಗೆ ಬಂದು ಪೆನ್ನು ನಿಲ್ಲಿಸಿದೆ. ಕನ್ನಡ ಅಂದಿದ್ದರೆ ಕಣ್ಣು ಮುಚ್ಚಿ ಬರೆದುಬಿಡುತ್ತಿದ್ದೆ, ನಿಯಮ ಹಾಳಾಗಿ ಹೋಗಲಿ. ಜೋಗುಳದಿಂದ ಬೈಗುಳದವರೆಗೆ ನಮಗೆ ಕನ್ನಡ ಕಲಿಸಿದವಳೇ ಅವಳು.

"ಮರಾಠಿ ಬರಿ," ಎಂದಳು. "ಕಾಕಾಗ ಹೇಳಬ್ಯಾಡ" ಎಂದು ಸೇರಿಸಿದಳು. ಎಲ್ಲರೂ ನಕ್ಕೆವು, ಅವ್ವನೂ. ಗೊತ್ತಿರುವ ಬೇರೆ ಭಾಷೆಗಳಲ್ಲಿ ಅವಳಿಗೆ ಕನ್ನಡ, ಕೊಂಕಣಿ ಎರಡನ್ನೂ ಬರೆದೆ, ಮಗುವಿಗೆ ಕನ್ನಡ. ಸಂಘದ ಲಕ್ಷದಲ್ಲಿ ಎರಡು ತಲೆ ನಮ್ಮ ಮನೆಯಲ್ಲೇ ಖೋತಾ.

ಹಾಳೆ ಮಡಿಸದೆ ಚೀಲಕ್ಕೆ ಸೇರಿಸುತ್ತಿದ್ದಾಗ ಅವ್ವ ಕೇಳಿದಳು, "ಮುಗೀತೇನ? ನಮ್ಮವ್ವನ ಹೆಸರ ಕೇಳಾಂಗಿಲ್ಲೇನು?"

ಅದಕ್ಕೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. "ಕೇಳತೇನಿ, ಹೇಳವಾ," ಎಂದೆ.

ಅವ್ವ ಹೇಳಿದಳು. ನಾನು ಮರೆತೇನೆಂದು ಇನ್ನೊಮ್ಮೆ ಹೇಳಿದಳು. ನನ್ನ ಅಜ್ಜಿಯ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.