ಎಡ ಖಾಲಿ

ನಮ್ಮ ಬೀದಿಯ ‘ಸೈರನ್’ ಅವರ ಕೈಯಿಂದ ಮಗಳು ಕಾರಿನ ಕೀಲಿ ಕಿತ್ತುಕೊಂಡಳೆಂಬ ಮಾತು ಕ್ಷೌರದಂಗಡಿಯಿಂದ ಔಷಧದಂಗಡಿಯವರೆಗೆ ಹರಡಿದೆ. ಇದು ಸುಳ್ಳು. ಕಣ್ಣು ಕಾಣದೆ ನಾಲ್ಕು ಜನರ ಮೇಲೆ ಕಾರು ಹತ್ತಿಸಿದರೆಂಬುದು ಇನ್ನೂ ದೊಡ್ಡ ಸುಳ್ಳು. ಊರ ಬಾಯಿಗೆ ಬೀಗ ಹಾಕಲಾಗದೆಂಬುದನ್ನು ಬಲ್ಲೆ. ಆದರೆ ಘಟನೆ ನಡೆದಾಗ ಅದೇ ಕಾರಿನ ಹಿಂದಿನ ಸೀಟಿನಲ್ಲಿದ್ದವನು ನಾನು. ಕಂಡವನು ಸುಮ್ಮನಿದ್ದು, ಕಾಣದವರು ವರ್ಣಿಸುವುದು ನ್ಯಾಯವಲ್ಲ.

ಅವರು ಆಸ್ಪತ್ರೆಯ ಆಂಬುಲೆನ್ಸ್ ಚಾಲಕರಾಗಿ ನಿವೃತ್ತರಾದವರು. ಅಡ್ಡಹೆಸರು ಬಂದದ್ದು ಅಲ್ಲಿಂದಲೇ ಹೊರತು, ಕೆಲವರು ತಿಳಿದಂತೆ ಗಂಟಲಿನಿಂದಲ್ಲ; ಅವರು ಮಿತಭಾಷಿ. ಸೇವೆಯಲ್ಲಿದ್ದಷ್ಟು ಕಾಲ ಎಲ್ಲರೂ ಅವರಿಗೆ ದಾರಿ ಬಿಟ್ಟರು. ಆದ್ದರಿಂದ ಅಡ್ಡರಸ್ತೆಯಲ್ಲಿ ಕಾಯುವ ವಿದ್ಯೆಯನ್ನು ಅವರು ನಿವೃತ್ತಿಯ ನಂತರ ಕಲಿಯಬೇಕಾಯಿತು. ಕಲಿತರು. ಇನ್ನೊಂದು ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು. ಅವರ ಆಂಬುಲೆನ್ಸಿನಲ್ಲಿ ಚಾಲಕನು ಮುಂದಕ್ಕೂ ಬಲಕ್ಕೂ ನೋಡುವುದು, ಪಕ್ಕದ ಸೀಟಿನ ಸಹಾಯಕನು ಎಡಕ್ಕೆ ನೋಡಿ “ಎಡ ಖಾಲಿ” ಎಂದು ಕೂಗುವುದು ಪದ್ಧತಿಯಾಗಿತ್ತು. ಸ್ವಂತ ಕಾರು ಕೊಂಡಾಗ ಆ ಸೀಟಿಗೆ ಅವರ ಹೆಂಡತಿ ಬಂದರು. ಅವರನ್ನು ನಾನು ಅತ್ತಿಗೆ ಎನ್ನುತ್ತೇನೆ. ಅತ್ತಿಗೆ ಎಂದೂ ಸ್ಟಿಯರಿಂಗ್ ಮುಟ್ಟಿದವರಲ್ಲ. ಆದರೆ ಅವರು “ಎಡ ಖಾಲಿ” ಎನ್ನದೆ ಕಾರು ಗೇಟನ್ನೂ ದಾಟುತ್ತಿರಲಿಲ್ಲ. ಗಂಡಹೆಂಡಿರ ನಡುವೆ ಮಾತು ನಿಂತಿದ್ದ ದಿನಗಳಲ್ಲೂ ಈ ಎರಡು ಪದ ಮಾತ್ರ ನಡೆಯುತ್ತಿದ್ದವು.

ಅಂದು ಬೆಳಿಗ್ಗೆ ಮೂವರೂ ಗ್ರಂಥಾಲಯಕ್ಕೆ ಹೊರಟಿದ್ದೆವು. ಅಂಚೆ ಕಚೇರಿಯ ಅಡ್ಡರಸ್ತೆಯಲ್ಲಿ ಕಾರು ನಿಂತಿತು. ಅತ್ತಿಗೆ ನೋಡಿ “ಎಡ ಖಾಲಿ” ಎಂದರು. ಕಾರು ಒಂದು ಮಾರು ಸರಿಯಿತು. ಎಡದಿಂದ ಬಂದ ದರ್ಜಿಯೊಬ್ಬ ಸೈಕಲನ್ನು ಬಿಟ್ಟು ಫುಟ್‌ಪಾತಿಗೆ ಹಾರಿದ. ಕಾರು ಅವನನ್ನು ಮುಟ್ಟಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅವನ ಗಂಟು ಬಿಚ್ಚಿ, ಹೊಲಿದ ಪ್ಯಾಂಟುಗಳು ರಸ್ತೆಯ ಮೇಲೆ ಕಾಲು ಚಾಚಿ ಬಿದ್ದವು. ದೂರದಿಂದ ಕಂಡವರು ‘ನಾಲ್ಕು ಜನ’ ಎಂದದ್ದು ಈ ಪ್ಯಾಂಟುಗಳನ್ನು.

“ಖಾಲಿ ಅಂದ್ರಲ್ಲಮ್ಮಾ, ಕಿವಿಯಾರೆ ಕೇಳಿಸ್ಕೊಂಡೆ! ನಾನೇನು ಮನುಷ್ಯನಾ, ಗಾಳಿನಾ?” ಎಂದು ದರ್ಜಿ ಕಿಟಕಿಗೆ ಬಂದ.

“ಕಾಣ್ಲಿಲ್ಲಪ್ಪಾ.”

“ಇಷ್ಟು ದೊಡ್ಡ ಹೊಟ್ಟೆ ಹೊತ್ಕೊಂಡು ಬರ್ತಿದೀನಿ, ಕಾಣ್ಲಿಲ್ವಾ?”

ಸೈರನ್ ಇಳಿದು, ಒಂದೊಂದೇ ಪ್ಯಾಂಟಿನ ಧೂಳು ಕೊಡವಿ, ಸ್ಟ್ರೆಚರಿನ ಹೊದಿಕೆಯನ್ನು ಮಡಿಸುವ ಕ್ರಮದಲ್ಲಿ ಮಡಿಸಿ ಕೊಟ್ಟರು. ಗ್ರಂಥಾಲಯಕ್ಕೆ ಹೋಗದೆ ಮನೆಗೆ ಮರಳಿದೆವು.

ಸಂಜೆಯ ಹೊತ್ತಿಗೆ ಮಗಳು ಬಂದಳು.

“ಸಾಕಪ್ಪಾ. ಕೀ ಕೊಡು. ನಿಂಗೆ ಕಣ್ಣು ಕಾಣ್ತಿಲ್ಲ.”

“ಅದನ್ನ ಡಾಕ್ಟ್ರು ಹೇಳ್ಲಿ. ಕಾಣಲ್ಲ ಅಂದ್ರೆ ಕೀ ನಿಂದು. ಕಾಣುತ್ತೆ ಅಂದ್ರೆ ಈ ಮಾತು ಮತ್ತೆ ಎತ್ಬಾರ್ದು.”

“ಆಯ್ತು. ಇವರೇ ಸಾಕ್ಷಿ” ಎಂದು ಮಗಳು ನನ್ನತ್ತ ಕೈ ತೋರಿಸಿದಳು. ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡುತ್ತಲೇ ನಿವೃತ್ತನಾದ ನಾನು ಒಪ್ಪಿದೆ. ಅತ್ತಿಗೆ ಎದ್ದು ಒಳಗೆ ಹೋದರು.

ಮರುದಿನ ಎಲ್ಲರೂ ಬಾಡಿಗೆ ಗಾಡಿಯಲ್ಲಿ ಕಣ್ಣಿನ ವೈದ್ಯರಲ್ಲಿಗೆ ಹೋದೆವು. ಸೈರನ್ ಗೋಡೆಯ ಹಲಗೆಯ ಕೊನೆಯ ಸಾಲನ್ನೂ ಓದಿದರು. ಅದರ ಕೆಳಗೆ ಮುದ್ರಣಾಲಯದ ವಿಳಾಸವಿತ್ತು, ಅದನ್ನೂ ಓದಿದರು. ವಯಸ್ಸಾಯಿತೆಂದರೆ ಕಣ್ಣು ಹೋಯಿತೆಂದೇ ತೀರ್ಮಾನಿಸುವವರು ಇದನ್ನು ಗಮನಿಸತಕ್ಕದ್ದು. ಮಾತಿನಂತೆ ಕೀಲಿ ಅವರಲ್ಲೇ ಉಳಿಯಿತು.

ಮನೆಗೆ ಬಂದೊಡನೆ, ನಿಂತಿದ್ದ ಗ್ರಂಥಾಲಯದ ಪ್ರಯಾಣವನ್ನು ಪೂರೈಸಲು ಅವರು ನಮ್ಮೆಲ್ಲರನ್ನೂ ಕಾರಿನಲ್ಲಿ ಕೂರಿಸಿದರು. ಎಂಜಿನ್ ಚಾಲೂ ಮಾಡಿ ಗೇಟಿನ ಬಳಿ ಕಾದರು. ಕೂಗು ಬರಲಿಲ್ಲ.

“ಹೇಳೇ.”

“ಹೇಳಲ್ಲ ರೀ. ಕಣ್ಣು ತೋರಿಸ್ಬೇಕಾಗಿದ್ದು ನಾನು. ಖಾಲಿ ಅಂದಿದ್ದು ನಾನು. ಅವನು ನಂಗೆ ಕಾಣ್ಲೇ ಇಲ್ಲ. ಇವತ್ತಿಂದ ನಾನು ಗಾಡಿ ಓಡ್ಸಲ್ಲ.”

“ಅಮ್ಮಾ, ನೀನ್ಯಾವಾಗ ಓಡ್ಸಿದ್ದೆ?” ಎಂದಳು ಹಿಂದಿನಿಂದ ಮಗಳು.

“ಇಷ್ಟು ವರ್ಷ ಅರ್ಧ ಓಡ್ಸಿದ್ದು ನಾನೇ ಕಣೇ. ನಿಮ್ಮಪ್ಪನ್ನೇ ಕೇಳು.”

ಅವರು ಅಲ್ಲಗಳೆಯಲಿಲ್ಲ. “ನೀನು ಬಿಟ್ರೆ ಎಡ ಯಾರು ನೋಡ್ತಾರೆ?” ಎಂದರು.

“ನೀವೇ ನೋಡಿ. ಅಷ್ಟು ಚೆನ್ನಾಗಿದ್ಯಲ್ಲ ಕಣ್ಣು.”

ಅವರು ಎಡಕ್ಕೆ ತಿರುಗಿದರು. ಕತ್ತು ಅರ್ಧ ದಾರಿಯಲ್ಲಿ ನಿಂತಿತು. ಮತ್ತೆ ಯತ್ನಿಸಿದರು. ಈ ಸಲ ಭುಜ ತಿರುಗಿತು, ಸೊಂಟ ತಿರುಗಿತು, ಮೊಣಕೈ ತಗುಲಿ ಹಾರ್ನ್ ಮೊಳಗಿತು. ಕತ್ತು ಮಾತ್ರ ಇದ್ದಲ್ಲೇ ಇತ್ತು. ಆ ದಿಕ್ಕನ್ನು ಅವರು ಬಹುಕಾಲದಿಂದ ಬಳಸಿರಲಿಲ್ಲ.

“ಕಣ್ಣಿಗೇನೂ ಆಗಿಲ್ಲ. ಕತ್ತಿಗೆ ತುಕ್ಕು ಹಿಡ್ದಿದೆ” ಎಂದಳು ಮಗಳು.

ಎಡದ ಸೀಟಿಗೆ ನಾನು ಬರಲೇ ಎಂದು ಕೇಳಿದೆ. ಮೂವರೂ ನನ್ನ ಕನ್ನಡಕದ ಗಾಜಿನ ದಪ್ಪವನ್ನು ನೋಡಿದರು.

ಸೈರನ್ ಸ್ಟಿಯರಿಂಗಿನಿಂದ ಕೈ ತೆಗೆದರು. “ಪಕ್ಕದಲ್ಲಿ ಆಳಿಲ್ದೆ ನಾವು ಶೆಡ್ಡಿಂದ ಗಾಡಿ ತೆಗೀತಿರ್ಲಿಲ್ಲ” ಎಂದು ಎಂಜಿನ್ ಆರಿಸಿ, ಕೀಲಿ ತೆಗೆದು ಹೆಂಡತಿಗೆ ಕೊಟ್ಟರು. ಅತ್ತಿಗೆ ಅದನ್ನು ಮಗಳತ್ತ ಚಾಚಿದರು. ಕೀಲಿ ಕೈ ಬದಲಿಸಿದ್ದು ಹೀಗೆ. ‘ಕಿತ್ತುಕೊಂಡಳು’ ಎಂಬ ಕ್ರಿಯಾಪದಕ್ಕೆ ಇಲ್ಲಿ ಸ್ಥಾನವೇ ಇಲ್ಲ.

ಮಗಳು ಚಾಲಕನ ಸೀಟಿಗೆ ಹೋದಳು. ನಾವು ಮೂವರು ಹಿಂದೆ ಒತ್ತಿಕೊಂಡು ಕುಳಿತೆವು: ಬಲಕ್ಕೆ ಅವರು, ಎಡಕ್ಕೆ ಅತ್ತಿಗೆ, ನಡುವೆ ನಾನು. ಮುಂದಿನ ಎಡ ಸೀಟಿನಲ್ಲಿ ಗ್ರಂಥಾಲಯಕ್ಕೆ ಮರಳಿಸಬೇಕಾದ ಪುಸ್ತಕಗಳ ಚೀಲವಿತ್ತು.

ಅಂಚೆ ಕಚೇರಿಯ ಅಡ್ಡರಸ್ತೆಯಲ್ಲಿ ಮಗಳು ನಿಲ್ಲಿಸಿದಳು. ಬೆಳೆದದ್ದೇ ಆ ಮನೆಯಲ್ಲಲ್ಲವೇ!

“ಅಮ್ಮಾ, ಎಡ?”

“ನಾನು ರಿಟೈರ್ಡ್ ಕಣೇ. ನೀನೇ ನೋಡ್ಕೋ.”

ಮಗಳು ಕತ್ತನ್ನು ಪೂರ್ತಿ ತಿರುಗಿಸಿ ನೋಡಿದಳು.

“ಬಲ ಖಾಲಿ” ಎಂದರು ಸೈರನ್. ಅವರನ್ನು ಯಾರೂ ಕೇಳಿರಲಿಲ್ಲ.

ಬಲ ಖಾಲಿಯೇ ಇತ್ತು.