ಕಾರ್ಬೈನಿನೊಳಗಿನ ಮೂರು ಗೀರು

ತಪ್ಪು ನಡೆದದ್ದು ಠಾಣೆಯ ದಾಸ್ತಾನು ಕೋಣೆಯಲ್ಲಿ. ಹೆಸರು ಕೆಟ್ಟದ್ದು ಗೋಣಿಬೀಡಿನ ಕಡೆಯ ಕೋವಿ ರಿಪೇರಿಯವರದು. ಕೋವಿಯ ಒಡೆಯನಾದ ನನ್ನನ್ನು ಯಾರೂ ಏನೂ ಅನ್ನಲಿಲ್ಲ.

ಕಾರ್ಬೈನ್, ಅಂದರೆ ಹಳೆಯ ಸೈನ್ಯದ ಕುದುರೆ ಸವಾರರ ಗಿಡ್ಡ ಕೋವಿ, ಅಸಲಿಯೋ ನಕಲಿಯೋ ಎಂದು ಗುರುತಿಸುವುದನ್ನು ತೊಂಬತ್ತರ ದಶಕದಲ್ಲಿ ನನಗೆ ಕಲಿಸಿದವರು ಅವರೇ. ಕಾಫಿ ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಸರಿಮಾಡುತ್ತಿದ್ದ ಕೈಯೇ ಉಳಿದ ತಿಂಗಳು ಪರವಾನಗಿಯ ಕೋವಿಗಳನ್ನು ಬಿಚ್ಚುತ್ತಿತ್ತು. ನಾನು ಕೊಂಡು ತಂದ ಕಾರ್ಬೈನಿನ ಮರದ ಹಿಡಿಯ ಮೇಲಿದ್ದ ರೆಜಿಮೆಂಟಿನ ಮುದ್ರೆಯನ್ನು ಹೆಮ್ಮೆಯಿಂದ ತೋರಿಸಿದಾಗ ಅವರು ಅತ್ತ ನೋಡಲೂ ಇಲ್ಲ.

“ಮುದ್ರೆ ಯಾರ್ ಬೇಕಾದ್ರೂ ಹೊಡೀತಾರೆ ಗೌಡ್ರೇ. ಕೋವಿ ಪಕ್ಕದ ಈ ಕಬ್ಬಿಣದ ಬಳೆ ನೋಡಿ. ಜೀನಿಗೆ ಸಿಕ್ಸಿ ಕುದ್ರೆ ಓಡ್ಸಿದ್ರೆ ಒಂದೇ ಕಡೆ ಸವೀಬೇಕು. ನಕಲಿ ಮಾಡೋನು ಸುತ್ತ ಉಜ್ಜಿರ್ತಾನೆ. ಪಾಪ, ಅವ್ನಿಗೆ ಕುದ್ರೆ ಎಲ್ಲಿಂದ?”

ಬಳೆ ಒಂದೇ ಕಡೆ ಸವೆದಿತ್ತು. ಆಮೇಲೆ ಅವರು ಸ್ಕ್ರೂಗಳನ್ನು ಬಿಚ್ಚಿ, ಬಂದ ಕ್ರಮದಲ್ಲೇ ಬಾಳೆದಿಂಡಿನ ತುಂಡಿಗೆ ಚುಚ್ಚಿಟ್ಟರು. ನಳಿಗೆಯ ಅಡಿಯಲ್ಲಿ ಮೂರು ಗೀರು, ಅದು ಕೂರುವ ಮರದಲ್ಲಿ ಮೂರು, ಪ್ರತಿ ಸ್ಕ್ರೂವಿನ ಮೇಲೂ ಮೂರು: ಒಂದಕ್ಕೊಂದು ಹೊಂದಿಸಿದ ಕೆಲಸಗಾರನ ಗುರುತು. ನಮ್ಮನ್ನು ಆಳಿದವರ ಆಯುಧದೊಳಗೆ ಒಬ್ಬ ಕೂಲಿಯವನು ಬರೆದದ್ದನ್ನು ನಮ್ಮೂರಿನ ಇನ್ನೊಬ್ಬರು ಓದುತ್ತಿದ್ದರು. ನಾನು ಬೆರಗಾಗಿ ಕುಳಿತಿದ್ದೆ.

ಮುಂದೊಂದು ಚುನಾವಣೆಗೆ, ನಿಯಮದ ಪ್ರಕಾರ, ಪರವಾನಗಿಯಿದ್ದ ಎಲ್ಲರಂತೆ ನಾನೂ ಕೋವಿಯನ್ನು ಠಾಣೆಗೆ ಒಪ್ಪಿಸಿದೆ. ಮರಳಿ ಬಂದಾಗ ಮುದ್ರೆಯನ್ನು ಉಜ್ಜಿ, ಆ ಜಾಗದಲ್ಲಿ ಮೊಳೆಯಿಂದ ದಾಸ್ತಾನು ಸಂಖ್ಯೆ ಕೆತ್ತಲಾಗಿತ್ತು. ಕೇಳಿದರೆ, ಬರುವಾಗಲೇ ಮುದ್ರೆ ಇರಲಿಲ್ಲ ಎಂದರು ಠಾಣೆಯವರು.

ಜಗಲಿಯಲ್ಲಿ ಕುಳಿತಿದ್ದ ಪ್ಲಾಂಟರ್ ಗೆಳೆಯರೊಬ್ಬರು ನಕ್ಕರು: “ನೀನು ಒಪ್ಸಿದ್ದೇ ನಕಲಿ ಮಾರಾಯ. ಅಸಲಿ ಆ ರಿಪೇರಿಯವನ ಮನೇಲಿದೆ.”

ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ಮಾತು ತೋಟದಿಂದ ತೋಟಕ್ಕೆ ಹೋಯಿತು. ಎರಡು ಮಳೆಗಾಲ ಯಾರೂ ಅವರ ಕೈಗೆ ಕೋವಿ ಕೊಡಲಿಲ್ಲ.

ಕೊನೆಗೆ ರಿಪೇರಿಯವರೇ ಬಾಳೆದಿಂಡು ಹಿಡಿದು ನನ್ನ ಅಂಗಳಕ್ಕೆ ಬಂದು, ಅದೇ ಗೆಳೆಯರನ್ನು ಕರೆಸಿ, ಕೋವಿ ಬಿಚ್ಚಿ, ಗೀರುಗಳನ್ನು ಆ ಗೆಳೆಯರತ್ತ ತಿರುಗಿಸಿದರು.

“ಎಣ್ಸಿ ಗೌಡ್ರೇ. ಮೂರರವರೆಗೆ ಬರುತ್ತಲ್ಲ ನಿಮ್ಗೆ?”

ಗೆಳೆಯರು ಎಣಿಸಿದರು: ನಳಿಗೆ, ಮರ, ಸ್ಕ್ರೂ ಎಲ್ಲದರಲ್ಲೂ ಅವೇ ಮೂರು ಗೀರು, ಕೋವಿ ಅದೇ ಅಸಲಿ. ಆದರೂ ಕ್ಷಮೆ ಕೇಳಲಿಲ್ಲ. ರಿಪೇರಿಯವರು ಒಂದೊಂದು ಸ್ಕ್ರೂವನ್ನೂ ಅದರದೇ ತೂತಿಗೆ ಮರಳಿಸಿ, ನಳಿಗೆ ಒರೆಸಿ ಕೊಟ್ಟರು.

ಠಾಣೆಯ ದಾಸ್ತಾನು ಕೋಣೆಯ ಹೊಣೆ ಹೊತ್ತವರೇ, ಮುದ್ರೆ ಅಳಿದದ್ದು ನಿಮ್ಮಲ್ಲಿ, ಅದರಲ್ಲಿ ರಿಪೇರಿಯವರ ಕೈವಾಡವಿರಲಿಲ್ಲ ಎಂದು ಅವರ ಹೆಸರಿಗೆ ಬರೆದು, ಸಹಿ ಹಾಕಿ ಕೊಡಿ. ಇನ್ನು ಮುಂದೆ ಕೋವಿಗೆ ಸಂಖ್ಯೆ ಬೇಕಿದ್ದರೆ ಮರದ ಮೇಲೆ ಕೆತ್ತಬೇಡಿ, ದಾರದಲ್ಲಿ ಚೀಟಿ ಕಟ್ಟಿ.